ಇಂಟರಿಮ್ ಅಂತಾರೆ, ಮಗು ಅದ್ರಲ್ಲೇ ಬೆಳೆದುಬಿಡುತ್ತೆ

ಗಂಡ ಹೆಂಡತಿ ಬೇರೆ ಆಗ್ತಿದಾರೆ ಅಂತ ಗೊತ್ತಾದ ತಕ್ಷಣ ನೆಂಟರು ಕೇಳೋದು ಎರಡೇ ಪ್ರಶ್ನೆ. ಕೊನೆಗೆ ಮಗು ಯಾರ ಹತ್ರ ಉಳಿಯುತ್ತೆ, ಮನೆ ಯಾರ ಪಾಲಾಗುತ್ತೆ. ಆದ್ರೆ ನಾಳೆ ಬೆಳಗ್ಗೆ ಮಗೂನ ಸ್ಕೂಲ್ ವ್ಯಾನ್ ಹತ್ತಿಸೋರು ಯಾರು, ಸಾಯಂಕಾಲ ಅದು ಯಾವ ಮನೆ ಬಾಗಿಲಿಗೆ ಬರ್ಬೇಕು, ಈ ತಿಂಗಳ ಇಎಂಐ ಯಾರ ಅಕೌಂಟಿಂದ ಹೋಗುತ್ತೆ ಅಂತ ಒಬ್ರೂ ಕೇಳಲ್ಲ. ಕೋರ್ಟಿನ ಕೊನೆ ತೀರ್ಪು ಬರೋಕೆ ವರ್ಷಗಟ್ಟಲೆ ಆಗುತ್ತೆ, ಅಷ್ಟರಲ್ಲಿ ಯುಕೆಜಿ ಮಗು ಮಿಡ್ಲ್ ಸ್ಕೂಲಿಗೆ ಬಂದಿರುತ್ತೆ, ಆ ಮಗುವಿನ ಪಾಲಿಗೆ ಅಪ್ಪ ಅಮ್ಮ ಬೇರೆಯಾದ ಕಾಲ ಅಂದ್ರೆ ಈ ಮಧ್ಯದ ಕಾಲಾನೇ. ಇದನ್ನ ಎಲ್ರೂ 'ಇಂಟರಿಮ್, ಟೆಂಪರರಿ, ಸದ್ಯಕ್ಕೆ' ಅಂತ ಹೇಳಿ ಪಕ್ಕಕ್ಕೆ ತಳ್ತಾರಲ್ಲ, ಅದಕ್ಕೇ ಇದನ್ನ ಬರೀಬೇಕು ಅನ್ನಿಸಿತು.

ಇದು ನಮ್ಮ ಮನೇಲೇ ನಡೆದಿದ್ದು. ನನ್ನ ತಮ್ಮ, ಅವನ ಹೆಂಡತಿ, ಅವರ ಮಗಳು ಪುಟ್ಟಿ. ಇಬ್ಬರನ್ನೂ ಕೇಳಿಯೇ ಬರೀತಿದೀನಿ, ಹೆಸರು ಹಾಕಲ್ಲ, ಅವರಿಬ್ಬರ ಜಗಳದ ಕಾರಣಾನೂ ಹೇಳಲ್ಲ, ಅದು ಅವರದ್ದು. ನಾನು ಗಂಡಿನ ಕಡೆಯವಳು, ಪುಟ್ಟಿಗೆ ಅತ್ತೆ. ಆದ್ರೂ ನನ್ನ ತಮ್ಮನ ಹೆಂಡತಿ ಇವತ್ತಿಗೂ ನನಗೆ ಫೋನ್ ಮಾಡಿ 'ಅತ್ತಿಗೆ' ಅಂತಾನೇ ಕರೀತಾಳೆ, ಅದು ಉಳಿದಿದೆ ಅನ್ನೋದು ನನಗೆ ದೊಡ್ಡ ವಿಷಯ.

ಬೆಂಗಳೂರಿನ ಸೌತ್ ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟು. ಇಬ್ಬರ ಹೆಸರಲ್ಲೂ ಸೇಲ್ ಡೀಡು, ಇಬ್ಬರ ಹೆಸರಲ್ಲೂ ಲೋನು. ಬೇರೆ ಆಗೋದು ಅಂತ ತೀರ್ಮಾನ ಆದ ಮೇಲೂ ಇಬ್ಬರೂ ಅದೇ ಫ್ಲ್ಯಾಟಲ್ಲಿ ತಿಂಗಳುಗಟ್ಟಲೆ ಇದ್ರು, ಯಾಕಂದ್ರೆ ಇಬ್ಬರ ಲಾಯರೂ ಹೇಳಿದ್ದು ಒಂದೇ ಮಾತು, 'ಏನೇ ಆದ್ರೂ ಮನೆ ಬಿಟ್ಟು ಬರಬೇಡಿ'. ಲಾಯರಿನ ಲೆಕ್ಕದಲ್ಲಿ ಅದು ಸರಿಯಾದ ಸಲಹೇನೇ ಇರಬಹುದು. ಮನೆ ಬಿಟ್ಟು ಹೋದವರು ಮಗೂನೂ ಬಿಟ್ಟು ಹೋದ್ರು ಅಂತ ಆಮೇಲೆ ವಾದ ಬರುತ್ತೆ, ಮಗು ಇರೋ ಮನೇಲಿ ಇದ್ದವರಿಗೇ ಮಗು ಉಳಿಯುತ್ತೆ ಅನ್ನೋ ಭಯ ಇಬ್ಬರಿಗೂ. ಆದ್ರೆ ಆ ಸಲಹೆ ಪ್ರಕಾರ ಬದುಕಿದ್ದು ಲಾಯರಲ್ಲ, ಆರು ವರ್ಷದ ಪುಟ್ಟಿ. ಒಂದು ರೂಮಲ್ಲಿ ಅಪ್ಪ, ಇನ್ನೊಂದು ರೂಮಲ್ಲಿ ಅಮ್ಮ, ಫ್ರಿಜ್ಜಲ್ಲಿ ಬೇರೆ ಬೇರೆ ತಟ್ಟೆ, ಮಾತೆಲ್ಲ ಪುಟ್ಟಿ ಮೂಲಕ. 'ಅಪ್ಪಂಗೆ ಹೇಳು ಗ್ಯಾಸ್ ಬುಕ್ ಮಾಡೋಕೆ', 'ಅಮ್ಮಂಗೆ ಹೇಳು ನಾಳೆ ನಾನು ಲೇಟು'. ಒಂದಿನ ನಾನು ಹೋದಾಗ ಅವಳು ಊಟ ಯಾವ ರೂಮಲ್ಲಿ ಮಾಡ್ಲಿ ಅಂತ ನನ್ನ ಕೇಳಿದ್ಲು. ಯಾರ ಜೊತೆ ಕೂತ್ರೆ ಇನ್ನೊಬ್ಬರಿಗೆ ಬೇಜಾರಾಗುತ್ತೆ ಅಂತ ಆ ವಯಸ್ಸಿಗೇ ಲೆಕ್ಕ ಹಾಕ್ತಿದ್ಲು.

ಆ ತಿಂಗಳುಗಳಲ್ಲಿ ನಾನು ಕಾನೂನು ಓದೋಕೆ ಶುರು ಮಾಡಿದೆ, ಲಾಯರ್ ಆಗೋಕಲ್ಲ, ನಮ್ಮನೆಯವರು ಆಡ್ತಿದ್ದ ಮಾತುಗಳಲ್ಲಿ ಎಷ್ಟು ನಿಜ ಅಂತ ತಿಳ್ಕೊಳೋಕೆ. ನಮ್ಮಮ್ಮ ಹೇಳೋರು, 'ಮನೆ ನಮ್ಮ ಹುಡುಗ ದುಡಿದು ತಗೊಂಡಿದ್ದು, ಅವಳು ತವರಿಗೆ ಹೋಗ್ಲಿ'. ಅವಳ ತವರಿನವರು ಹೇಳೋರು, 'ಹೆಣ್ಣುಮಕ್ಕಳ ಪರ ಕಾನೂನಿದೆ, ಮನೇಲಿ ಅರ್ಧ ನಿಂದೇ, ಸುಮ್ನೆ ಕೂತ್ಕೋ'. ಎರಡೂ ಪೂರ್ತಿ ನಿಜ ಅಲ್ಲ. ಗೋವಾ ಬಿಟ್ರೆ ನಮ್ಮ ದೇಶದಲ್ಲಿ ಮದುವೆ ಆಗಿದ್ದಕ್ಕೇ ಗಂಡನ ಆಸ್ತೀಲಿ ಅರ್ಧ ಹೆಂಡತಿಗೆ ಅನ್ನೋ ಕಾನೂನು ಇಲ್ಲ, ಡೈವೋರ್ಸ್ ಟೈಮಲ್ಲಿ ಮನೆ ಯಾರ ಹೆಸರಲ್ಲಿದೆಯೋ ಅವರದ್ದೇ. ಆದ್ರೆ ಒಡೆತನ ಬೇರೆ, ವಾಸ ಮಾಡೋ ಹಕ್ಕು ಬೇರೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮನೆ ಅವಳ ಹೆಸರಲ್ಲಿ ಇರ್ಲಿ ಬಿಡ್ಲಿ, ಇಬ್ಬರೂ ಸಂಸಾರ ಮಾಡಿದ ಮನೇಲಿ ವಾಸ ಮಾಡೋ ಹಕ್ಕು ಅವಳಿಗಿದೆ, ಕಾನೂನಿನ ದಾರಿ ಬಿಟ್ಟು ಯಾರೂ ಅವಳನ್ನ ಹೊರಗೆ ಹಾಕೋ ಹಾಗಿಲ್ಲ. ದೌರ್ಜನ್ಯ ಆಗಿದೆ ಅಂತ ಮ್ಯಾಜಿಸ್ಟ್ರೇಟಿಗೆ ಅನ್ನಿಸಿದ್ರೆ 19ನೇ ಸೆಕ್ಷನ್ನಲ್ಲಿ ಗಂಡನಿಗೇ ಮನೆ ಬಿಟ್ಟು ಹೋಗು ಅಂತ ಹೇಳಬಹುದು, ಇಲ್ಲಾಂದ್ರೆ ಅದೇ ಮಟ್ಟದ ಬೇರೆ ಮನೆ ಮಾಡ್ಕೊಡು, ಬಾಡಿಗೆ ಕಟ್ಟು ಅನ್ನಬಹುದು. ಮನೆ ಬಿಟ್ಟು ಹೋಗು ಅನ್ನೋ ಆರ್ಡರನ್ನ ಮಾತ್ರ ಹೆಂಗಸರ ಮೇಲೆ ಆ ಸೆಕ್ಷನ್ನಲ್ಲಿ ಕೊಡೋ ಹಾಗಿಲ್ಲ.

ಮನೆ ಅತ್ತೆ ಮಾವನ ಹೆಸರಲ್ಲಿದ್ರೆ? ನಮ್ಮ ಕಡೆ ಮುಕ್ಕಾಲು ಪಾಲು ಜಗಳ ಅಲ್ಲೇ ಇರೋದು, ಅದಕ್ಕೆ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಬಹಳ ವರ್ಷ ಕೋರ್ಟುಗಳು 2006ರ ಬಾತ್ರಾ ತೀರ್ಪನ್ನ ಹಿಡ್ಕೊಂಡು, ಮನೆ ಗಂಡಂದಲ್ಲ ಅಂದ್ರೆ ಸೊಸೆಗೆ ಅಲ್ಲಿ ಹಕ್ಕಿಲ್ಲ ಅಂತ ಹೇಳ್ತಿದ್ವು. 2020ರ ಅಕ್ಟೋಬರಲ್ಲಿ ಸತೀಶ್ ಚಂದರ್ ಅಹುಜಾ ಕೇಸಲ್ಲಿ ಸುಪ್ರೀಂ ಕೋರ್ಟಿನ ಮೂವರು ಜಡ್ಜುಗಳು ಅದು ಸರಿಯಾದ ಅರ್ಥ ಅಲ್ಲ ಅಂದ್ರು, ಗಂಡನ ಸಂಬಂಧಿಕರ ಹೆಸರಲ್ಲಿರೋ ಮನೇನೂ ಅವಳು ಸಂಸಾರ ಮಾಡಿದ ಮನೆ ಆಗಬಹುದು ಅಂತ. ಹಾಗಂತ ಅದು ಅಲ್ಲಾಡಿಸೋಕಾಗದ ಹಕ್ಕೂ ಅಲ್ಲ, ವಯಸ್ಸಾದ ಅತ್ತೆ ಮಾವನ ನೆಮ್ಮದೀನೂ ನೋಡಿ ತೂಗಬೇಕು ಅಂತ ಅದೇ ತೀರ್ಪಲ್ಲಿದೆ.

ಅದೇ ವರ್ಷ ಡಿಸೆಂಬರಲ್ಲಿ ಬಂದ ಎಸ್. ವನಿತಾ ಕೇಸಂತೂ ನಮ್ಮ ಬೆಂಗಳೂರಿಂದೇ ಹೋಗಿದ್ದು. ಮನೇನ ಮೊದಲು ಗಂಡ ತಗೊಂಡಿದ್ದ, ಆಮೇಲೆ ಅಪ್ಪನ ಹೆಸರಿಗೆ ಆಯ್ತು, ಅಪ್ಪ ಅದನ್ನ ಅಮ್ಮನಿಗೆ ಗಿಫ್ಟ್ ಡೀಡ್ ಮಾಡಿದ್ರು. ಆಮೇಲೆ ಅತ್ತೆ ಮಾವ 2007ರ ಹಿರಿಯ ನಾಗರಿಕರ ಕಾಯ್ದೆ ಅಡಿ ಅಸಿಸ್ಟೆಂಟ್ ಕಮಿಷನರ್ ಹತ್ರ ಅರ್ಜಿ ಹಾಕಿ ಸೊಸೆ ಮೊಮ್ಮಗಳನ್ನ ಖಾಲಿ ಮಾಡಿಸಿ ಅಂದ್ರು, ಆರ್ಡರೂ ಆಯ್ತು, ಹೈಕೋರ್ಟಲ್ಲೂ ಅದೇ ನಿಂತಿತು. ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡ್ತು. ಹಿರಿಯರನ್ನ ಕಾಪಾಡೋ ಕಾಯ್ದೇನ ಸೊಸೆಯ ವಾಸದ ಹಕ್ಕು ಅಳಿಸೋಕೆ ಬಳಸಬಾರದು, ಎರಡು ಕಾಯ್ದೇನೂ ಜೊತೆಗಿಟ್ಟು ಓದಬೇಕು ಅಂತ. ಇದನ್ನ ನಾನು ಅಮ್ಮಂಗೆ ಕೂರಿಸಿ ಹೇಳಿದೆ. ಅಪ್ಪನಿಗೆ ಯಾರೋ ಪರಿಚಯದವರು 'ಫ್ಲ್ಯಾಟಿನ ನಿಮ್ಮ ಹುಡುಗನ ಭಾಗಾನ ನಿಮ್ಮ ಹೆಸರಿಗೆ ಗಿಫ್ಟ್ ಮಾಡಿಸ್ಕೊಳ್ಳಿ' ಅಂತ ಐಡಿಯಾ ಕೊಟ್ಟಿದ್ರು. ಅಪ್ಪ ಆ ದಾರಿಗೆ ಹೋಗಲಿಲ್ಲ, ಅದಕ್ಕೆ ನಾನು ಅಪ್ಪನಿಗೆ ಋಣಿ. ಇಂಥ ಹೆಸರು ಬದಲಾವಣೆ ಆಟಗಳಲ್ಲಿ ದೊಡ್ಡವರಿಗೆ ವರ್ಷಗಳು ಹೋಗ್ತವೆ, ಆ ಮನೆಯ ಒಂದು ರೂಮಲ್ಲಿ ಸ್ಕೂಲ್ ಪುಸ್ತಕ ಇಟ್ಕೊಂಡಿರೋ ಮಗುಗೆ ನಾಳೆ ಇಲ್ಲಿರ್ತೀನೋ ಇಲ್ವೋ ಅನ್ನೋದೇ ಗೊತ್ತಿರಲ್ಲ.

ಲೋನಿನ ವಿಷಯ ಜಾಸ್ತಿ ಹೇಳಲ್ಲ. ಬ್ಯಾಂಕಿಗೆ ನಿಮ್ಮ ಸಂಸಾರ ಮುರಿದಿದ್ದು ಲೆಕ್ಕಕ್ಕಿಲ್ಲ, ಇಬ್ಬರೂ ಸೈನ್ ಮಾಡಿದ್ರೆ ಇಬ್ಬರೂ ಹೊಣೆ, ಒಬ್ರು ಸಿಟ್ಟಿಗೆ ಇಎಂಐ ನಿಲ್ಲಿಸಿದ್ರೆ ಇಬ್ಬರ ಸಿಬಿಲ್ ಸ್ಕೋರೂ ಬೀಳುತ್ತೆ. ಆಮೇಲೆ ಬೇರೆ ಮನೆಗೆ ಹೋದಾಗ 'ನಾನು ಇರದ ಮನೆಗೆ ನಾನ್ಯಾಕೆ ಕಟ್ಟಲಿ' ಅಂತ ತಮ್ಮ ಕೇಳ್ತಿದ್ದ. ನಿನ್ನ ಮಗಳು ಇರೋ ಮನೆಗೆ ಕಟ್ತಿದೀಯ ಅಂತ ಹೇಳಿದೆ. ಇದನ್ನ ಯಾರು ಎಷ್ಟು ಕಟ್ಟಿದ್ರು ಅಂತ ಬರೆದಿಟ್ಟು, ಕಟ್ಟಿದ್ದನ್ನ ಜೀವನಾಂಶದ ಅಫಿಡವಿಟ್ಟಲ್ಲಿ ತೋರಿಸೋಕೆ ಜಾಗ ಇದೆ. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಾದ ಮೇಲೆ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲ ಬಿಚ್ಚಿ ಅಫಿಡವಿಟ್ ಹಾಕಲೇಬೇಕು. ಮುಚ್ಚಿಡೋಕೆ ಹೋದವರಿಗೆ ಒಳ್ಳೇದಾಗಿದ್ದು ನಾನಂತೂ ನೋಡಿಲ್ಲ.

ಈಗ ಮಗುವಿನ ವಿಷಯ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಕೇಸ್ ನಡೀತಿರುವಾಗಲೇ ಮಗು ಯಾರ ಹತ್ರ ಇರ್ಬೇಕು, ಖರ್ಚು ಯಾರು ನೋಡ್ಕೋಬೇಕು ಅಂತ ಮಧ್ಯಂತರ ಆದೇಶ ಕೇಳಬಹುದು, ಪರಿಸ್ಥಿತಿ ಬದಲಾದ್ರೆ ಅದನ್ನ ಬದಲಾಯಿಸಿ ಅಂತಾನೂ ಕೇಳಬಹುದು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 12ನೇ ಸೆಕ್ಷನ್ನಲ್ಲೂ ದಾರಿ ಇದೆ, ಡಿವಿ ಕಾಯ್ದೆಯ, ಅಂದ್ರೆ ಮೇಲೆ ಹೇಳಿದ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ರಲ್ಲೂ ಇದೆ. ಮಕ್ಕಳ ಖರ್ಚು ಮತ್ತು ಓದಿನ ಅರ್ಜಿಯನ್ನ ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟೂ ಮುಗಿಸಬೇಕು ಅಂತ 26ನೇ ಸೆಕ್ಷನ್ನಲ್ಲೇ ಇದೆ. ಮಗು ಯಾರ ಹತ್ರ ಅನ್ನೋ ಅರ್ಜಿಗೆ ಅಲ್ಲಿ ಅಂಥ ಗಡುವು ಬರೆದಿಲ್ಲ. ನನಗೆ ಇದು ತಲೆಕೆಳಗು ಅನ್ಸುತ್ತೆ. ಫೀಸಿಗಾದ್ರೆ ಯಾರೋ ಕೈಗಡ ಕೊಡಬಹುದು, ಅಪ್ಪನನ್ನೋ ಅಮ್ಮನನ್ನೋ ನೋಡದೇ ಕಳೆದ ತಿಂಗಳುಗಳನ್ನ ಯಾರು ಕೊಡ್ತಾರೆ?

ತಡ ಆದಷ್ಟೂ ಇನ್ನೊಂದು ಆಗುತ್ತೆ. ಮಗು ಸದ್ಯ ಎಲ್ಲಿದೆಯೋ ಅಲ್ಲಿಗೆ ಒಗ್ಗಿಕೊಳ್ಳುತ್ತೆ, ಒಗ್ಗಿಕೊಂಡಿದೆ ಅನ್ನೋದೇ ಆಮೇಲೆ ಅಲ್ಲೇ ಇರ್ಲಿ ಅನ್ನೋಕೆ ಕಾರಣ ಆಗುತ್ತೆ. ಕೋರ್ಟನ್ನ ಇದಕ್ಕೆ ದೂರೋಕಾಗಲ್ಲ, ನೆಟ್ಟಗಿರೋ ಮಗೂನ ಕಿತ್ತು ಬೇರೆ ಕಡೆ ಇಡೋಕೆ ಯಾವ ಜಡ್ಜಿಗೂ ಕೈ ಬರಲ್ಲ. ಆದ್ರೆ ಇದು ಗೊತ್ತಿರೋರು ಮೊದಲ ವಾರದಲ್ಲೇ ಮಗೂನ ಎತ್ಕೊಂಡು ಹೋಗ್ಬಿಡ್ತಾರೆ, ಗಂಡಿನ ಕಡೆಯವರೂ ಮಾಡ್ತಾರೆ, ಹೆಣ್ಣಿನ ಕಡೆಯವರೂ ಮಾಡ್ತಾರೆ. 2017ರ ವಿವೇಕ್ ಸಿಂಗ್ ವಿರುದ್ಧ ರೋಮನಿ ಸಿಂಗ್ ಕೇಸು ನೋಡಿ, ಎರಡು ವರ್ಷ ತುಂಬೋ ಮೊದಲೇ ಅಪ್ಪನ ಹತ್ರ ಉಳಿದುಹೋದ ಹುಡುಗಿ. ಸುಪ್ರೀಂ ಕೋರ್ಟಿನ ಮುಂದೆ ಬರೋ ಹೊತ್ತಿಗೆ ದೊಡ್ಡವಳಾಗಿದ್ಲು, ಅಪ್ಪನೇ ಬೇಕು ಅಂತಿದ್ಲು. ಅಮ್ಮನ ಜೊತೆ ಇದ್ದು ನೋಡೋ ಅವಕಾಶಾನೇ ಸಿಗದ ಮಗುವಿನ ಆ ಮಾತನ್ನ ಹಾಗೇ ತಗೊಳೋಕಾಗಲ್ಲ ಅಂತ ಕೋರ್ಟು ಒಂದು ವರ್ಷದ ಮಟ್ಟಿಗೆ ಅಮ್ಮನ ಹತ್ರ ಕಳಿಸ್ತು. ಆ ತೀರ್ಪನ್ನ ಓದುವಾಗ ನನಗೆ ಗೆದ್ದವರು ಸೋತವರು ಯಾರೂ ಕಾಣಲಿಲ್ಲ, ಹೋದ ವರ್ಷಗಳು ಮಾತ್ರ ಕಂಡ್ವು.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ ಅಂತ 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆ ಹೇಳುತ್ತೆ. ಇದನ್ನ ಕೇಳಿದ ಗಂಡಸರು ಬಹಳ ಜನ, ನನ್ನ ತಮ್ಮನೂ ಸೇರಿ, ಅಲ್ಲಿಗೆ ನಮ್ಮ ಕಥೆ ಮುಗೀತು ಅನ್ಕೋತಾರೆ. ಮುಗಿಯಲ್ಲ. ಕಸ್ಟಡಿ ಒಬ್ಬರ ಹತ್ರ ಇದ್ರೂ ಇನ್ನೊಬ್ಬರನ್ನ ನೋಡೋದು ಮಗುವಿನ ಹಕ್ಕು. 2020ರ ಯಶಿತಾ ಸಾಹು ತೀರ್ಪಲ್ಲಿ ಸುಪ್ರೀಂ ಕೋರ್ಟು, ಭೇಟಿ ಮಾತ್ರ ಸಾಲದು, ಜೊತೆಗಿಲ್ಲದ ಅಪ್ಪನೋ ಅಮ್ಮನೋ ದಿನಾ ಐದು ಹತ್ತು ನಿಮಿಷ ಮಗು ಜೊತೆ ಫೋನಲ್ಲಿ, ಸಾಧ್ಯವಾದ್ರೆ ವಿಡಿಯೋ ಕಾಲಲ್ಲಿ ಮಾತಾಡೋ ಹಾಗಿರಬೇಕು ಅಂತ ಹೇಳಿದೆ. ನಮ್ಮನೇಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಈ ಒಂದು ಸಾಲು. ರಾತ್ರಿ ಎಂಟೂವರೆಗೆ ಕಾಲ್, ಊಟ ಆದ ಮೇಲೆ, ಫೋನ್ ಪುಟ್ಟಿ ಕೈಗೆ ಕೊಟ್ಟು ಅಮ್ಮ ಅಡುಗೆಮನೆಗೆ ಹೋಗ್ತಾಳೆ, ಪಕ್ಕದಲ್ಲಿ ನಿಂತು ಕೇಳಿಸ್ಕೊಳಲ್ಲ. ಕೆಲವು ದಿನ ಪುಟ್ಟಿ ಮಾತೇ ಆಡಲ್ಲ, ಚಿತ್ರ ಬರೀತಾ ಕೂತಿರ್ತಾಳೆ, ತಮ್ಮ ಅವಳ ತಲೆ ಬೈತಲೆ ನೋಡ್ತಾ ಕೂತಿರ್ತಾನೆ. ಅವನಿಗೆ ಮೊದಮೊದಲು ಅದು ಅವಮಾನ ಅನ್ಸೋದು. ಈಗ ಅದೇ ಅವನ ದಿನದ ಒಳ್ಳೇ ಹೊತ್ತು.

ನಮ್ಮನೇಲಿ ದಾರಿ ಸಿಕ್ಕಿದ್ದು ಮೀಡಿಯೇಷನ್ನಲ್ಲಿ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯೇ ಮೊದಲು ರಾಜಿಗೆ ಪ್ರಯತ್ನ ಮಾಡಬೇಕು ಅನ್ನುತ್ತೆ, ಬೆಂಗಳೂರಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಫ್ಯಾಮಿಲಿ ಕೋರ್ಟೂ ಇದೆ, ಮೀಡಿಯೇಷನ್ ಸೆಂಟರೂ ಇದೆ. ರಾಜಿ ಅಂದ್ರೆ ಮತ್ತೆ ಒಂದಾಗಿ ಅಂತ ಒತ್ತಾಯ ಅಂತ ನಾವು ತಿಳ್ಕೊಂಡಿದ್ವಿ. ಮೀಡಿಯೇಟರ್ ಮೇಡಂ ಮೊದಲ ದಿನವೇ, ಮದುವೆ ಬಗ್ಗೆ ಆಮೇಲೆ ಮಾತಾಡೋಣ, ಮುಂದಿನ ಸೋಮವಾರ ಮಗು ದಿನಚರಿ ಏನು ಹೇಳಿ ಅಂದ್ರಂತೆ. ಇಬ್ಬರಿಗೂ ಪೂರ್ತಿ ಹೇಳೋಕೆ ಬರಲಿಲ್ಲ. ಡ್ಯಾನ್ಸ್ ಕ್ಲಾಸ್ ಇವನಿಗೆ ಗೊತ್ತಿರಲಿಲ್ಲ, ವೀಸಿಂಗ್ ಔಷಧಿ ಎಷ್ಟು ಪಫ್ ಅಂತ ಅವಳಿಗೆ ಗೊತ್ತಿರಲಿಲ್ಲ, ಅದನ್ನ ಯಾವಾಗ್ಲೂ ಇವನೇ ಕೊಡ್ತಿದ್ದ. ಅಲ್ಲಿಂದ ಮಾತು ಶುರುವಾಯ್ತು.

ಆಮೇಲೆ ಆದ ಒಪ್ಪಂದ ಹೀಗಿದೆ. ತಮ್ಮ ಫ್ಲ್ಯಾಟಿಂದ ಹೊರಗೆ ಬಂದು ನಡ್ಕೊಂಡು ಹೋಗೋಷ್ಟು ದೂರದಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಮನೆ ಮಾಡಿದ. ಹೀಗೆ ಹೊರಗೆ ಬಂದಿದ್ದು ಮಗು ಸಲುವಾಗಿ, ಮನೆ ಮೇಲಿನ ಹಕ್ಕಾಗಲಿ ಕಸ್ಟಡಿಯಾಗಲಿ ಬಿಟ್ಟುಕೊಟ್ಟಿದ್ದಲ್ಲ, ಇದನ್ನ ಮುಂದೆ ಅವನ ವಿರುದ್ಧ ಬಳಸೋ ಹಾಗಿಲ್ಲ ಅಂತ ಇಬ್ಬರೂ ಬರೆದು ಸೈನ್ ಹಾಕಿದ್ರು. ಈ ಒಂದು ವಾಕ್ಯ ಇಲ್ದೇ ಇದ್ದಿದ್ರೆ ಅವನು ಹೊರಗೆ ಬರ್ತಾನೇ ಇರಲಿಲ್ಲ, ಆ ಉಸಿರುಗಟ್ಟೋ ಫ್ಲ್ಯಾಟಲ್ಲೇ ಮೂವರೂ ಇರ್ತಿದ್ರು. ಯಾರಾದ್ರೂ ಇದೇ ಸ್ಥಿತೀಲಿದ್ರೆ ನಿಮ್ಮ ಲಾಯರಿಗೆ ಮೊದಲು ಇದನ್ನ ಕೇಳಿ. ಫ್ಲ್ಯಾಟನ್ನ ಕೇಸ್ ಮುಗಿಯೋವರೆಗೂ ಇಬ್ಬರೂ ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ. ಇಎಂಐ ಸಂಬಳದ ಪ್ರಮಾಣದಲ್ಲಿ ಇಬ್ಬರೂ. ಪುಟ್ಟಿ ವಾರದ ದಿನ ಅಮ್ಮನ ಹತ್ರ, ಶುಕ್ರವಾರ ಸ್ಕೂಲಿಂದ ಸೀದಾ ಅಪ್ಪನ ಹತ್ರ, ಭಾನುವಾರ ಸಾಯಂಕಾಲ ವಾಪಸ್ಸು, ತಿಂಗಳಲ್ಲಿ ಒಂದು ವೀಕೆಂಡ್ ಅಮ್ಮಂಗೆ. ಸ್ಕೂಲಿಂದ ಸೀದಾ ಅನ್ನೋದನ್ನ ಮೇಡಮ್ಮೇ ಸೇರಿಸಿದ್ದು, ಬಾಗಿಲಲ್ಲಿ ನಿಂತು ಮಗೂನ ಕೈ ಬದಲಾಯಿಸುವಾಗಲೇ ಜಾಸ್ತಿ ಜಗಳ ಆಗೋದಂತೆ. ಸ್ಕೂಲ್ ಆಪಲ್ಲಿ ಇಬ್ಬರ ನಂಬರೂ. ಇನ್ಹೇಲರ್ ಎರಡು ಮನೇಲೂ ಒಂದೊಂದು. ಹೊರದೇಶಕ್ಕೆ ಕರ್ಕೊಂಡು ಹೋಗೋದಾದ್ರೆ ಇನ್ನೊಬ್ಬರ ಒಪ್ಪಿಗೆ ಬರಹದಲ್ಲಿ. ಇಷ್ಟನ್ನೂ ಕೋರ್ಟಿಗೆ ಕೊಟ್ಟು ಅದರ ಮೇಲೆ ಆರ್ಡರ್ ಮಾಡಿಸಿದ್ರು. ಬಾಯಿಮಾತಿನ ಒಪ್ಪಂದ ಮೊದಲನೇ ಹಬ್ಬಕ್ಕೇ ಮುರಿಯುತ್ತೆ, ಇದು ಬರೆದಿದ್ರೂ ಒಂದೆರಡು ಸಲ ಅಲ್ಲಾಡಿದೆ, ಆದ್ರೆ ಕಾಗದ ತೆಗೆದು ನೋಡಿದ್ರೆ ಮಾತು ನಿಲ್ಲುತ್ತೆ.

ಕೆಲವರು ಮಗು ಒಂದೇ ಮನೇಲಿರ್ಲಿ, ಅಪ್ಪ ಅಮ್ಮ ಸರದಿ ಮೇಲೆ ಬಂದು ಹೋಗ್ಲಿ ಅಂತ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಅದಕ್ಕೆ ಮೂರು ಮನೆ ಬಾಡಿಗೆ ಬೇಕು, ಒಬ್ಬರ ಮೇಲೊಬ್ಬರಿಗೆ ಬಹಳ ನಂಬಿಕೆ ಬೇಕು. ನಮಗೆ ಅದೆರಡೂ ಇರಲಿಲ್ಲ.

ಒಂದು ಮಾತು ಒತ್ತಿ ಹೇಳ್ಬೇಕು. ಹೊಡೆತ ಬಡಿತ, ಹೆದರಿಕೆ ಇರೋ ಮನೇಲಿ ನಾನು ಮೇಲೆ ಬರೆದಿದ್ದನ್ನ ಯಾರೂ ತೋರಿಸಿ 'ನೋಡು, ಹೊಂದ್ಕೊಂಡು ಹೋಗು' ಅಂತ ಹೇಳಬೇಡಿ. ಅಲ್ಲಿ ಮೊದಲು ಸುರಕ್ಷತೆ, ಆಮೇಲೆ ಉಳಿದಿದ್ದು. ಡಿವಿ ಕಾಯ್ದೆಯ 23ನೇ ಸೆಕ್ಷನ್ನಲ್ಲಿ ಎದುರಿನವರು ಬರೋ ಮುಂಚೆಯೇ ಮಧ್ಯಂತರ ರಕ್ಷಣೆ ಕೊಡೋ ಅಧಿಕಾರ ಮ್ಯಾಜಿಸ್ಟ್ರೇಟಿಗೆ ಇದೆ. ಭೇಟಿಯಿಂದ ಮಗುಗೆ ಹಾನಿ ಅನ್ನಿಸಿದ್ರೆ ಭೇಟೀನೇ ಬೇಡ ಅನ್ನೋಕೂ 21ರಲ್ಲಿ ಅವಕಾಶ ಇದೆ. ಹೆಂಗಸರು ಮಗು ಎತ್ಕೊಂಡು ಓಡಿದ್ರು ಅಂತ ಬೈಯೋ ಮುಂಚೆ ಅವಳು ಯಾವುದರಿಂದ ಓಡಿದ್ಲು ಅಂತ ಕೇಳಿ.

ಹೊಡೆತದ ಭಯ ಇಲ್ಲದ ಮನೆಗಳಲ್ಲಿ, ಅಂದ್ರೆ ನಮ್ಮಂಥ ಮನೆಗಳಲ್ಲಿ, ನೆಂಟರ ಬಾಯಿ ಬಹಳ ಹಾಳು ಮಾಡುತ್ತೆ. ಪುಟ್ಟಿ ವೀಕೆಂಡಿಗೆ ಬಂದಾಗ ನಮ್ಮ ಚಿಕ್ಕಮ್ಮ ಒಬ್ರು, 'ಅಮ್ಮ ಅಡುಗೆ ಮಾಡ್ತಾಳಾ ಇಲ್ಲ ಹೊರಗಡೆಯಿಂದ ತರಿಸ್ತಾಳಾ, ಮನೆಗೆ ಯಾರ್ಯಾರು ಬರ್ತಾರೆ' ಅಂತ ಕೇಳೋಕೆ ಶುರು ಮಾಡಿದ್ರು. ನಾನು ಎಲ್ಲರ ಮುಂದೇನೇ, 'ಚಿಕ್ಕಮ್ಮ, ಅವಳನ್ನ ಸಾಕ್ಷಿ ಮಾಡಬೇಡಿ' ಅಂದೆ. ಚಿಕ್ಕಮ್ಮ ಆಮೇಲೆ ಎರಡು ಹಬ್ಬಕ್ಕೆ ಬರಲಿಲ್ಲ. ಬರದೇ ಇದ್ರೂ ಪರವಾಗಿಲ್ಲ ಅಂತ ನಾನು ಈಗಲೂ ಹೇಳ್ತೀನಿ. ಆ ಕಡೆನೂ ಇದೇ ನಡೀತಿತ್ತು ಅಂತ ಪುಟ್ಟಿ ಮಾತಲ್ಲೇ ಗೊತ್ತಾಗೋದು, ಅಲ್ಲಿ ಅದನ್ನ ನಿಲ್ಲಿಸಿದ್ದು ಅವಳ ಅಜ್ಜ.

2015ರಲ್ಲೇ ಲಾ ಕಮಿಷನ್ನು ತನ್ನ 257ನೇ ವರದೀಲಿ ಇಬ್ಬರೂ ಸೇರಿ ಮಗೂನ ನೋಡ್ಕೊಳೋ ಜಾಯಿಂಟ್ ಕಸ್ಟಡೀನ ಕಾನೂನಿಗೆ ಸೇರಿಸಿ ಅಂತ ಶಿಫಾರಸು ಮಾಡಿತ್ತು. 26ನೇ ಸೆಕ್ಷನ್ನಲ್ಲಿ ಇವತ್ತಿಗೂ ಆ ಮಾತಿಲ್ಲ. ಅಲ್ಲಿವರೆಗೂ ಒಬ್ಬೊಬ್ಬರು ತಮ್ಮ ತಮ್ಮ ಲಾಯರು, ಮೀಡಿಯೇಟರು, ಜಡ್ಜಿನ ಒಳ್ಳೇತನದ ಮೇಲೆ ಇಂಥ ಕಾಗದ ಮಾಡ್ಕೋಬೇಕು.

ನಮ್ಮ ಕೇಸಲ್ಲಿ ಡೈವೋರ್ಸ್ ಇನ್ನೂ ಆಗಿಲ್ಲ, ಫ್ಲ್ಯಾಟನ್ನ ಅವಳು ಇಟ್ಕೊಂಡು ಇವನ ಪಾಲಿನ ದುಡ್ಡು ಕೊಡೋದಾ, ಮಾರಿ ಹಂಚ್ಕೊಳೋದಾ ಅನ್ನೋದೂ ಬಗೆಹರಿದಿಲ್ಲ. ಈ ಸಲದ ಐಎ, ಅಂದ್ರೆ ಕೇಸ್ ನಡುವೆ ಹಾಕೋ ಮಧ್ಯಂತರ ಅರ್ಜಿ, ದಸರಾ ರಜೆ ಬಗ್ಗೆ. ಇವನು ಪುಟ್ಟೀನ ಪೂರ್ತಿ ರಜೆ ಊರಿಗೆ ಕರ್ಕೊಂಡು ಹೋಗ್ಬೇಕು ಅಂತಾನೆ, ಅವಳು ಗೊಂಬೆ ಕೂರಿಸೋಕೆ ಮಗಳು ಬೇಕು ಅಂತಾಳೆ. ರಜೆ ಅರ್ಧ ಅರ್ಧ ಮಾಡಿ, ವರ್ಷ ಬಿಟ್ಟು ವರ್ಷ ಮೊದಲರ್ಧ ಎರಡನೇ ಅರ್ಧ ಅದಲು ಬದಲು ಮಾಡಿ ಅಂತ ನಾನು ಇಬ್ಬರಿಗೂ ಹೇಳಿದೀನಿ. ಅವಳು ಹೂಂ ಅಂದಿದಾಳೆ, ಇವನು ಯೋಚನೆ ಮಾಡ್ತಿದಾನೆ. ಮುಂದಿನ ಡೇಟ್ ಒಳಗೆ ಒಪ್ಪಿದ್ರೆ ಜಾಯಿಂಟ್ ಮೆಮೋ, ಅಂದ್ರೆ ಇಬ್ಬರೂ ಒಪ್ಪಿದೀವಿ ಅನ್ನೋ ಬರಹ, ಕೋರ್ಟಿಗೆ ಹಾಕಿದ್ರೆ ಆಯ್ತು, ಆರ್ಗ್ಯುಮೆಂಟೇ ಬೇಕಾಗಲ್ಲ ಅಂತ ಲಾಯರ್ ಹೇಳಿದಾರೆ.